ಬೆಳೆಯುವ ಜಾಲತಾಣಕ್ಕೆ ಯಾವ ಡೇಟಾಬೇಸ್?

2001ರ ಜನವರಿ 15ರಂದು ವಿಕಿಪೀಡಿಯ ಶುರುವಾದಾಗ ಅದರ ಹಿಂದೆ ಡೇಟಾಬೇಸ್ ಎಂಬುದೇ ಇರಲಿಲ್ಲ. ಪರ್ಲ್ ಭಾಷೆಯಲ್ಲಿ ಬರೆದ ಯೂಸ್‌ಮಾಡ್‌ವಿಕಿ ಎಂಬ ತಂತ್ರಾಂಶ ಪುಟಗಳನ್ನು ಡಿಸ್ಕಿನಲ್ಲಿ ಬಿಡಿ ಕಡತಗಳಾಗಿ ಇರಿಸುತ್ತಿತ್ತು. ಯಾರಾದರೂ ಪುಟ ಕೇಳಿದರೆ ಆ ಕಡತವನ್ನು ತೆರೆದು ತೋರಿಸುತ್ತಿತ್ತು. ಪುಟಗಳು ಸಾವಿರಗಟ್ಟಲೆ ಏರತೊಡಗಿದಾಗ ಈ ಏರ್ಪಾಡು ಸಾಲದಾಯಿತು. 2002ರ ಜನವರಿಯಲ್ಲಿ, ಮಾಗ್ನಸ್ ಮಾನ್ಸ್ಕೆ ಎಂಬ ಜರ್ಮನಿಯ ಜೀವವಿಜ್ಞಾನ ವಿದ್ಯಾರ್ಥಿ ಪಿಎಚ್‌ಪಿ ಭಾಷೆಯಲ್ಲಿ ಬರೆದ ತಂತ್ರಾಂಶಕ್ಕೆ ಇಂಗ್ಲಿಷ್ ವಿಕಿಪೀಡಿಯ ವರ್ಗವಾಯಿತು. ಅದು ಪುಟಗಳನ್ನು ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಇಡುತ್ತಿತ್ತು. ಅದೂ ಭಾರ ತಾಳದೆ, ಹುಡುಕಾಟದಂಥ ಸೌಲಭ್ಯಗಳನ್ನು ದಟ್ಟಣೆಯ ಹೊತ್ತಿನಲ್ಲಿ ನಿಲ್ಲಿಸಬೇಕಾಗಿ ಬಂದಾಗ, ಅದೇ ವರ್ಷದ ಜುಲೈ ಹೊತ್ತಿಗೆ ಲೀ ಡೇನಿಯಲ್ ಕ್ರಾಕರ್ ಇಡೀ ತಂತ್ರಾಂಶವನ್ನು ಹೊಸದಾಗಿ ಬರೆದುಕೊಟ್ಟರು. ಹೀಗೆ ತಂತ್ರಾಂಶ ಮತ್ತೊಮ್ಮೆ ಬದಲಾದರೂ ಮೈಎಸ್‌ಕ್ಯುಎಲ್ ಉಳಿದುಕೊಂಡಿತು. ಜಗತ್ತಿನಲ್ಲಿ ಅತಿ ಹೆಚ್ಚು ಓದುಗರಿರುವ ತಾಣಗಳಲ್ಲಿ ಒಂದಾದ ವಿಕಿಪೀಡಿಯದ ಮುಖ್ಯ ದಾಖಲೆಗಳು ಈಗಲೂ ಅದರದೇ ಕವಲಾದ ಮರಿಯಾಡಿಬಿಯಲ್ಲಿವೆ.

ಕಾಲೇಜಿನ ಪ್ರಾಜೆಕ್ಟಿಗೂ ಸಣ್ಣ ಅಂಗಡಿಯ ಜಾಲತಾಣಕ್ಕೂ ಬಳಸುವಂಥ ಸಾಮಾನ್ಯ ಡೇಟಾಬೇಸ್ ಇಷ್ಟು ದೊಡ್ಡ ಭಾರವನ್ನು ಹೇಗೆ ಹೊತ್ತಿತು ಎಂಬುದನ್ನು ಬಿಡಿಸಿ ನೋಡಿದರೆ, ಡೇಟಾಬೇಸ್ ಆಯ್ಕೆಯ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ. ಈ ಚರ್ಚೆ ಸಾಮಾನ್ಯವಾಗಿ ಪೋಸ್ಟ್‌ಗ್ರೆಸ್, ಮೊಂಗೋಡಿಬಿ, ಕಸಾಂಡ್ರ ಎಂಬ ಹೆಸರುಗಳ ಪೈಪೋಟಿಯಾಗಿಬಿಡುತ್ತದೆ. ಯಾವುದು ಎಷ್ಟು ದೊಡ್ಡದಾಗಿ ಬೆಳೆಯಬಲ್ಲದು ಎಂಬುದರ ಸುತ್ತಲೇ ವಾದ ನಡೆಯುತ್ತದೆ. ಆದರೆ ಬೆಳವಣಿಗೆಯ ಭಾರ ಒಮ್ಮೆಗೇ ಇಡೀ ಡೇಟಾಬೇಸಿನ ಮೇಲೆ ಬೀಳುವುದಿಲ್ಲ. ಅದು ಮೊದಲು ದತ್ತಾಂಶವನ್ನು ಸಾಲು ಸಾಲಾಗಿ ಇಡುವ ಯಾವುದೋ ಒಂದು ಟೇಬಲ್ಲಿನ ಮೇಲೆ, ಡೇಟಾಬೇಸಿಗೆ ಕೇಳುವ ಒಂದು ಬಗೆಯ ಪ್ರಶ್ನೆಯ, ಅಂದರೆ ಕ್ವೆರಿಯ ಮೇಲೆ, ತಿದ್ದುವಾಗ ಹಾಕುವ ಒಂದು ಬೀಗದ, ಅಂದರೆ ಲಾಕಿನ ಮೇಲೆ ಬೀಳುತ್ತದೆ. ಆ ಜಾಗ ಯಾವುದು, ಅಲ್ಲಿಂದ ಕೆಲಸವನ್ನು ಬೇರೆಡೆಗೆ ಸಾಗಿಸಲು ಬರುತ್ತದೆಯೇ, ಸಾಗಿಸಲಾಗದಿದ್ದರೆ ದತ್ತಾಂಶವನ್ನು ಎಲ್ಲಿ ಕತ್ತರಿಸಬಹುದು ಎಂಬುದು ಉತ್ಪನ್ನದ ಹೆಸರಿಗಿಂತ ಮುಖ್ಯವೆಂಬುದು ಈ ಲೇಖನದ ನಿಲುವು.

ಮೊದಲಿಗೆ, ಕಡತಗಳು ಮಾಡಲಾಗದ ಯಾವ ಕೆಲಸವನ್ನು ಡೇಟಾಬೇಸ್ ಮಾಡುತ್ತದೆ ಎಂಬುದು ತಿಳಿಯಬೇಕು. ಮೊದಲನೆಯದು ಹುಡುಕುವ ಕೆಲಸ. ಒಂದು ಕೋಟಿ ಸಾಲುಗಳಿರುವ ಟೇಬಲ್ಲಿನಲ್ಲಿ ಒಬ್ಬ ಬಳಕೆದಾರನ ಸಾಲನ್ನು ಹುಡುಕಲು ಎಲ್ಲ ಸಾಲುಗಳನ್ನೂ ಓದಬೇಕಿಲ್ಲ. ಪುಸ್ತಕದ ಕೊನೆಯ ಪದಸೂಚಿಯಂತೆ, ಇಂಡೆಕ್ಸ್ ಎಂಬ ಪ್ರತ್ಯೇಕ ರಚನೆ ನೇರವಾಗಿ ಆ ಜಾಗಕ್ಕೆ ಕರೆದೊಯ್ಯುತ್ತದೆ. ಬಹುತೇಕ ಡೇಟಾಬೇಸುಗಳು ಇದಕ್ಕೆ ಬಿ-ಟ್ರೀ ಎಂಬ ರಚನೆಯನ್ನು ಬಳಸುತ್ತವೆ. ಸಾಲುಗಳ ಸಂಖ್ಯೆ ಸಾವಿರಪಟ್ಟು ಹೆಚ್ಚಿದರೂ ಇಳಿಯಬೇಕಾದ ಹಂತಗಳು ಒಂದೆರಡು ಮಾತ್ರ ಹೆಚ್ಚುತ್ತವೆ. ನಿಧಾನವಾದ ಜಾಲತಾಣವನ್ನು ಕಂಡು ಡೇಟಾಬೇಸನ್ನೇ ಬದಲಿಸಲು ಹೊರಡುವ ತಂಡಗಳಲ್ಲಿ ಅನೇಕಕ್ಕೆ ನಿಜವಾಗಿ ಬೇಕಿರುವುದು ಸರಿಯಾದ ಕಾಲಂ ಮೇಲೆ ಒಂದು ಇಂಡೆಕ್ಸ್ ಮಾತ್ರ. ಇಂಡೆಕ್ಸ್ ಉಚಿತವಲ್ಲ ಎಂಬುದೂ ನಿಜ, ಏಕೆಂದರೆ ಪ್ರತಿ ಬರಹದ ಜೊತೆಗೆ ಅದನ್ನೂ ತಿದ್ದಬೇಕಾಗುತ್ತದೆ. ಆದ್ದರಿಂದ ಕಂಡಕಂಡ ಕಾಲಂಗೆಲ್ಲ ಇಂಡೆಕ್ಸ್ ಹಾಕಿದರೆ ಓದುವ ವೇಗಕ್ಕಾಗಿ ಬರೆಯುವ ವೇಗವನ್ನು ಕಳೆದುಕೊಂಡಂತಾಗುತ್ತದೆ.

ಎರಡನೆಯದು, ಒಂದೇ ಹೊತ್ತಿನಲ್ಲಿ ಹಲವರು ಬರೆಯುವಾಗ ದತ್ತಾಂಶ ಕಲಸಿಹೋಗದಂತೆ ಕಾಯುವ ಕೆಲಸ. ಮೈಎಸ್‌ಕ್ಯುಎಲ್‌ನ ಹಳೆಯ ಸಂಗ್ರಹ ವ್ಯವಸ್ಥೆಯಾದ ಮೈಐಸ್ಯಾಮ್, ಒಂದು ಸಾಲನ್ನು ತಿದ್ದುವಾಗ ಇಡೀ ಟೇಬಲ್ಲಿಗೆ ಬೀಗ ಹಾಕುತ್ತಿತ್ತು. ಒಬ್ಬರು ಒಂದು ಪುಟವನ್ನು ಉಳಿಸುತ್ತಿದ್ದರೆ, ಅದೇ ಟೇಬಲ್ಲಿನಿಂದ ಬೇರೆ ಯಾವುದೋ ಪುಟವನ್ನು ಓದಬೇಕಾದವರೂ ಕಾಯಬೇಕಿತ್ತು. ಇನ್ನೋಡಿಬಿ ಎಂಬ ವ್ಯವಸ್ಥೆ ಆ ಒಂದು ಸಾಲಿಗೆ ಮಾತ್ರ ಬೀಗ ಹಾಕಿ, ಓದುವವರಿಗೆ ಸಾಲಿನ ಹಿಂದಿನ ಆವೃತ್ತಿಯನ್ನು ತೋರಿಸುತ್ತದೆ. ವಿಕಿಪೀಡಿಯ ತನ್ನ ಮುಖ್ಯ ಟೇಬಲ್ಲುಗಳನ್ನು ಇನ್ನೋಡಿಬಿಗೆ ಸಾಗಿಸಿತು. ಡೇಟಾಬೇಸಿನ ಹೆಸರು ಮೊದಲಿನಂತೆ ಮೈಎಸ್‌ಕ್ಯುಎಲ್ ಎಂದೇ ಇದ್ದರೂ ಒಳಗಿನ ನಡವಳಿಕೆ ಮೊದಲಿನದಾಗಿರಲಿಲ್ಲ.

ಮೂರನೆಯದು, ಉಳಿಸಿದೆ ಎಂದು ಒಮ್ಮೆ ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳುವ ಕೆಲಸ. 2005ರ ಫೆಬ್ರವರಿಯಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಫ್ಲೋರಿಡಾದಲ್ಲಿದ್ದ ಸರ್ವರುಗಳಿಗೆ ವಿದ್ಯುತ್ ಕಡಿತವಾದಾಗ ಹಲವು ಡೇಟಾಬೇಸುಗಳು ಕೆಟ್ಟುಹೋಗಿ, ಅವನ್ನು ಸರಿಪಡಿಸುವಷ್ಟು ಹೊತ್ತು ತಾಣ ಮೊದಲಿನಂತೆ ಕೆಲಸ ಮಾಡಲಿಲ್ಲ. ಡೇಟಾಬೇಸ್ ಒಂದು ಬದಲಾವಣೆಯನ್ನು ಮೊದಲು ಲಾಗ್ ಕಡತಕ್ಕೆ ಬರೆದು, ಅದು ಡಿಸ್ಕಿಗೆ ನಿಜವಾಗಿ ತಲುಪಿತೆಂದು ಆಪರೇಟಿಂಗ್ ಸಿಸ್ಟಮ್ ಖಾತರಿ ನೀಡಿದ ಮೇಲಷ್ಟೇ ‘ಉಳಿಸಿದೆ’ ಎನ್ನುತ್ತದೆ. ಆದರೆ ಡಿಸ್ಕ್ ತನ್ನ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡದ್ದನ್ನೇ ‘ಬರೆದಾಯಿತು’ ಎಂದು ಸುಳ್ಳು ಹೇಳಿದರೆ ಕರೆಂಟು ಹೋದ ಕ್ಷಣ ಈ ಖಾತರಿಗೆ ಅರ್ಥವಿಲ್ಲ. ಹೊಸ ಡೇಟಾಬೇಸೊಂದು ತನ್ನ ವೇಗವನ್ನು ಕೊಚ್ಚಿಕೊಳ್ಳುವಾಗ, ಆ ವೇಗ ಈ ಕಾಯುವಿಕೆಯನ್ನು ಬಿಟ್ಟುಕೊಟ್ಟು ಗಳಿಸಿದ್ದೇ ಎಂದು ಕೇಳಿ ನೋಡುವುದು ಒಳ್ಳೆಯದು.

ಇವೆಲ್ಲವನ್ನೂ ಒಟ್ಟಾಗಿ ಕೊಡುವುದು ಸಂಬಂಧಾತ್ಮಕ ಡೇಟಾಬೇಸ್. ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಈ ಮಾದರಿಯಲ್ಲಿ ದತ್ತಾಂಶ ಟೇಬಲ್ಲುಗಳಲ್ಲಿರುತ್ತದೆ, ಒಂದು ಟೇಬಲ್ಲಿನ ಸಾಲನ್ನು ಇನ್ನೊಂದರೊಡನೆ ಕೂಡಿಸಿ ಪ್ರಶ್ನೆ ಕೇಳಬಹುದು, ಹಲವು ಬದಲಾವಣೆಗಳನ್ನು ‘ಆದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ’ ಎಂಬ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಕಟ್ಟಬಹುದು. ಗೂಗಲ್ 2006ರಲ್ಲಿ ಬಿಗ್‌ಟೇಬಲ್ ಕುರಿತೂ ಅಮೆಜಾನ್ 2007ರಲ್ಲಿ ಡೈನಮೊ ಕುರಿತೂ ಪ್ರಬಂಧ ಪ್ರಕಟಿಸಿದ ಬಳಿಕ, ಇವುಗಳಲ್ಲಿ ಕೆಲವನ್ನು ತಿಳಿದೇ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ದತ್ತಾಂಶವನ್ನು ಹತ್ತಾರು ಸರ್ವರುಗಳಿಗೆ ಸಲೀಸಾಗಿ ಹಂಚುವ ವ್ಯವಸ್ಥೆಗಳ ಸಾಲೇ ಬಂತು. ಕಸಾಂಡ್ರ ಈ ಎರಡೂ ಪ್ರಬಂಧಗಳ ಕೂಸು. ಮೊಂಗೋಡಿಬಿಯಂಥವು ದಾಖಲೆಗಳನ್ನು ಜೇಸನ್ ಮಾದರಿಯ, ಅಂದರೆ ಹೆಸರು ಮತ್ತು ಮೌಲ್ಯಗಳ ಜೋಡಿಗಳ ಕಟ್ಟುಗಳಾಗಿ ಇಡುತ್ತವೆ. ಈ ವಿನಿಮಯ ಯಾರಿಗೆ ಲಾಭ ಎಂಬುದನ್ನು ಮುಂದೆ ನೋಡೋಣ. ವಿಕಿಪೀಡಿಯಕ್ಕೆ ಅದರ ಅಗತ್ಯ ಬೀಳಲಿಲ್ಲ.

ಏಕೆ ಬೀಳಲಿಲ್ಲ ಎಂಬುದಕ್ಕೆ ಮೊದಲ ಕಾರಣ ಅದರ ಭಾರದ ಸ್ವರೂಪ. ವಿಕಿಪೀಡಿಯವನ್ನು ತಿದ್ದುವವರಿಗಿಂತ ಓದುವವರು ಬಹುಪಟ್ಟು ಹೆಚ್ಚು, ಮತ್ತು ಲಾಗಿನ್ ಆಗದ ಓದುಗರಿಗೆಲ್ಲ ಒಂದು ಪುಟ ಒಂದೇ ತೆರನಾಗಿ ಕಾಣುತ್ತದೆ. ಆದ್ದರಿಂದ ಒಮ್ಮೆ ಸಿದ್ಧವಾದ ಪುಟವನ್ನು ಡೇಟಾಬೇಸಿಗಿಂತ ಬಹಳ ಮುಂದೆಯೇ, ಸಿದ್ಧ ಪ್ರತಿಗಳನ್ನು ಹಿಡಿದಿಡುವ ಕ್ಯಾಶ್ ಸರ್ವರಿನಲ್ಲಿ ಇಟ್ಟು ಅಲ್ಲಿಂದಲೇ ಬಡಿಸಬಹುದು. ಹಿಂದೆ ಸ್ಕ್ವಿಡ್, ನಂತರ ವಾರ್ನಿಷ್ ಈ ಕೆಲಸ ಮಾಡಿದವು. ಯಾರಾದರೂ ಪುಟವನ್ನು ತಿದ್ದಿದ ಕೂಡಲೇ ಆ ಪುಟದ ಹಳೆಯ ಪ್ರತಿಯನ್ನು ಅಳಿಸುವಂತೆ ಸಂದೇಶ ಹೋಗುತ್ತದೆ. ಅದರ ಹಿಂದಿನ ಪದರದಲ್ಲಿ ಮೆಮ್‌ಕ್ಯಾಶ್‌ಡಿ ಇದೆ. ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ ಲೈವ್‌ಜರ್ನಲ್ ತಾಣಕ್ಕಾಗಿ ಬರೆದ ಈ ತಂತ್ರಾಂಶ, ಮತ್ತೆ ಮತ್ತೆ ಬೇಕಾಗುವ ತುಣುಕುಗಳನ್ನು ಮೆಮೊರಿಯಲ್ಲಿ ಹಿಡಿದಿಡುತ್ತದೆ. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಡೇಟಾಬೇಸಿನವರೆಗೆ ಬರುವುದು ಒಟ್ಟು ಕೋರಿಕೆಗಳ ಸಣ್ಣ ಪಾಲು ಮಾತ್ರ. ಬ್ಯಾಂಕಿನ ತಾಣಕ್ಕಾಗಲಿ ಚಾಟ್ ಆ್ಯಪ್‌ಗಾಗಲಿ ಈ ಸುಖವಿಲ್ಲ, ಏಕೆಂದರೆ ಅಲ್ಲಿ ಪ್ರತಿಯೊಬ್ಬರಿಗೂ ಕಾಣುವುದು ಬೇರೆ, ಅದೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ.

ಅದಾದ ಮೇಲೂ ಉಳಿಯುವ ಓದಿನ ಭಾರವನ್ನು ಪ್ರತಿಗಳು, ಅಂದರೆ ರೆಪ್ಲಿಕಾಗಳು ಹಂಚಿಕೊಳ್ಳುತ್ತವೆ. ಬರಹವೆಲ್ಲ ಒಂದು ಮುಖ್ಯ ಸರ್ವರಿಗೆ ಹೋಗುತ್ತದೆ, ಅದರ ಬದಲಾವಣೆಗಳನ್ನು ರೆಪ್ಲಿಕಾಗಳು ಅನುಸರಿಸುತ್ತವೆ, ಓದುವ ಕ್ವೆರಿಗಳು ಅವುಗಳಿಗೆ ಹೋಗುತ್ತವೆ. ಕೇಳಲು ಸರಳವಾದರೂ ಇಲ್ಲೊಂದು ತೊಡಕಿದೆ: ರೆಪ್ಲಿಕಾ ಒಂದೆರಡು ಸೆಕೆಂಡು ಹಿಂದೆ ಬಿದ್ದರೂ, ಈಗಷ್ಟೇ ಪುಟ ತಿದ್ದಿದವರಿಗೆ ತಮ್ಮ ತಿದ್ದುಪಡಿ ಕಾಣುವುದಿಲ್ಲ, ಉಳಿಯಲಿಲ್ಲವೆಂದು ಅವರು ಮತ್ತೆ ಗುಂಡಿ ಒತ್ತುತ್ತಾರೆ. ವಿಕಿಪೀಡಿಯದ ತಂತ್ರಾಂಶವಾದ ಮೀಡಿಯಾವಿಕಿ, ತಿದ್ದಿದ ವ್ಯಕ್ತಿಯ ಮುಂದಿನ ಕೋರಿಕೆ ಬಂದಾಗ ಆ ಬದಲಾವಣೆಯನ್ನು ತಲುಪಿರುವ ರೆಪ್ಲಿಕಾದಿಂದಲೇ ಓದುವಂತೆ ನೋಡಿಕೊಳ್ಳುತ್ತದೆ. ರೆಪ್ಲಿಕಾಗಳೆಲ್ಲ ತೀರಾ ಹಿಂದೆ ಬಿದ್ದರೆ ತಾಣವನ್ನು ಸ್ವಲ್ಪ ಹೊತ್ತು ಓದಲು ಮಾತ್ರ ತೆರೆದಿಡುತ್ತದೆ. ಇದನ್ನು ಡೇಟಾಬೇಸ್ ತಾನಾಗಿ ಮಾಡಿಕೊಡುವುದಿಲ್ಲ, ತಂತ್ರಾಂಶ ಬರೆಯುವವರೇ ಯೋಚಿಸಬೇಕು. ಯಾವ ಉತ್ಪನ್ನವನ್ನು ಆರಿಸಿದರೂ ಈ ಕೆಲಸ ತಪ್ಪದು.

ಓದುವುದನ್ನು ಹೀಗೆ ಹಂಚಬಹುದು, ಆದರೆ ಬರಹವನ್ನು ಹಂಚಲು ದತ್ತಾಂಶವನ್ನೇ ಕತ್ತರಿಸಬೇಕು. ವಿಕಿಪೀಡಿಯಕ್ಕೆ ಕತ್ತರಿಸುವ ಗೆರೆ ಹುಟ್ಟಿನಿಂದಲೇ ಸಿಕ್ಕಿತ್ತು: ಭಾಷೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಲೇಖನವೊಂದನ್ನು ಉಳಿಸಲು ಇಂಗ್ಲಿಷ್ ವಿಕಿಪೀಡಿಯದ ಯಾವ ಸಾಲನ್ನೂ ಮುಟ್ಟಬೇಕಿಲ್ಲ. ಆದ್ದರಿಂದ ಪ್ರತಿ ಭಾಷೆಗೂ ಪ್ರತ್ಯೇಕ ಡೇಟಾಬೇಸ್ ಇದೆ. ಇಂಗ್ಲಿಷಿಗೆ ತನ್ನದೇ ಸರ್ವರ್ ಗುಂಪು ಇದ್ದರೆ, ನೂರಾರು ಸಣ್ಣ ವಿಕಿಗಳು ಒಂದೇ ಗುಂಪನ್ನು ಹಂಚಿಕೊಳ್ಳುತ್ತವೆ. ಇನ್‌ಸ್ಟಾಗ್ರಾಂಗೆ ಇಂಥ ಗೆರೆ ತಾನಾಗಿ ಸಿಗಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಪೋಸ್ಟ್‌ಗ್ರೆಸ್ ಮೇಲೆ ಆರಂಭವಾದ ಆ ತಾಣ, ಬಳಕೆದಾರರನ್ನೇ ಗೆರೆಯಾಗಿ ಮಾಡಿಕೊಂಡು ದತ್ತಾಂಶವನ್ನು ಸಾವಿರಾರು ಕಾಲ್ಪನಿಕ ತುಂಡುಗಳಾಗಿ ವಿಂಗಡಿಸಿ, ಅವನ್ನು ಕೆಲವೇ ನಿಜವಾದ ಸರ್ವರುಗಳಲ್ಲಿ ಕೂರಿಸಿತು. ಪ್ರತಿ ಚಿತ್ರದ 64 ಬಿಟ್ ಗುರುತಿನ ಸಂಖ್ಯೆಯಲ್ಲಿ 41 ಬಿಟ್ ಸಮಯಕ್ಕೆ, 13 ಬಿಟ್ ತುಂಡಿನ ಸಂಖ್ಯೆಗೆ, 10 ಬಿಟ್ ಕ್ರಮಸಂಖ್ಯೆಗೆ ಮೀಸಲು. ಸಂಖ್ಯೆಯನ್ನು ನೋಡಿದರೆ ಸಾಕು, ಚಿತ್ರದ ವಿವರ ಯಾವ ತುಂಡಿನಲ್ಲಿದೆಯೆಂದು ತಿಳಿಯುತ್ತದೆ, ಸಮಯದ ಕ್ರಮದಲ್ಲಿ ಜೋಡಿಸುವುದೂ ಸುಲಭ. ಸರ್ವರ್ ತುಂಬಿದಾಗ ಕೆಲವು ತುಂಡುಗಳನ್ನು ಎತ್ತಿ ಹೊಸ ಸರ್ವರಿಗೆ ಇಟ್ಟರೆ ಆಯಿತು, ಗುರುತಿನ ಸಂಖ್ಯೆ ಬದಲಾಗುವುದಿಲ್ಲ. 2012ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ 100 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿದಾಗ ಆ ಸಂಸ್ಥೆಯಲ್ಲಿದ್ದವರು 13 ಮಂದಿ. ಅಷ್ಟು ಸಣ್ಣ ತಂಡ ತನಗೆ ಚೆನ್ನಾಗಿ ಗೊತ್ತಿದ್ದ ಡೇಟಾಬೇಸಿಗೇ ಅಂಟಿಕೊಂಡದ್ದು ಆಕಸ್ಮಿಕವಲ್ಲ ಎಂದು ನನಗೆ ತೋರುತ್ತದೆ.

ಇದಕ್ಕೆ ಎದುರಾದ ಉದಾಹರಣೆ ಡಿಸ್ಕಾರ್ಡ್. 2015ರಲ್ಲಿ ಮೊಂಗೋಡಿಬಿಯೊಡನೆ ಆರಂಭವಾದ ಈ ಸಂದೇಶ ಸೇವೆಯಲ್ಲಿ ಅದೇ ನವೆಂಬರ್ ಹೊತ್ತಿಗೆ 10 ಕೋಟಿ ಸಂದೇಶಗಳು ಸೇರಿ, ದತ್ತಾಂಶವೂ ಇಂಡೆಕ್ಸೂ ಮೆಮೊರಿಯಲ್ಲಿ ಹಿಡಿಯದಾದವು. ಅಲ್ಲಿ ಬರಹ ಓದಿನಷ್ಟೇ ಇದೆ, ಸಂದೇಶಗಳನ್ನು ಬೇರೆ ಟೇಬಲ್ಲುಗಳೊಡನೆ ಕೂಡಿಸಿ ಕೇಳುವ ಪ್ರಶ್ನೆಗಳು ಇಲ್ಲವೆನ್ನುವಷ್ಟು ಕಡಿಮೆ, ಕೇಳುವುದೆಲ್ಲ ‘ಈ ಚಾನೆಲ್ಲಿನ ಇತ್ತೀಚಿನ ಸಂದೇಶಗಳು’ ಎಂಬ ಒಂದೇ ಬಗೆಯ ಪ್ರಶ್ನೆ. ಕಸಾಂಡ್ರಕ್ಕೆ ಹೇಳಿ ಮಾಡಿಸಿದ ಕೆಲಸವಿದು. ಚಾನೆಲ್ ಮತ್ತು ಕಾಲಾವಧಿ ಸೇರಿದ ಕೀಲಿಯಿಂದ, ಅಂದರೆ ದತ್ತಾಂಶ ಯಾವ ಸರ್ವರಿಗೆ ಹೋಗಬೇಕೆಂದು ತೀರ್ಮಾನಿಸುವ ಗುರುತಿನಿಂದ, ಸಂದೇಶಗಳನ್ನು ಗುಂಪುಗೂಡಿಸಿ ಇಡಲಾಯಿತು. 2017ರಲ್ಲಿ 12 ಸರ್ವರುಗಳಿದ್ದ ಆ ವ್ಯವಸ್ಥೆ 2022ರ ಹೊತ್ತಿಗೆ 177 ಸರ್ವರುಗಳಿಗೆ ಬೆಳೆದಿತ್ತು, ಆಗ ಜನ ಮುತ್ತುವ ಒಂದೆರಡು ದೊಡ್ಡ ಚಾನೆಲ್ಲುಗಳು ತಮ್ಮ ಸರ್ವರನ್ನಷ್ಟೇ ಅಲ್ಲದೆ ಸುತ್ತಲಿನವನ್ನೂ ನಿಧಾನಗೊಳಿಸುತ್ತಿದ್ದವು. ಅದೇ ಮಾದರಿಯ ಸಿಲ್ಲಾಡಿಬಿಗೆ ಸಾಗಿಸಿದಾಗ 72 ಸರ್ವರುಗಳು ಸಾಕಾದವು. ಹಂಚುವುದು ಸುಲಭವಾದ ಡೇಟಾಬೇಸಿನಲ್ಲೂ ಭಾರ ಸಮನಾಗಿ ಹಂಚಿಹೋಗುತ್ತದೆ ಎಂದಲ್ಲ. ಕೀಲಿಯ ಆಯ್ಕೆ ಅಲ್ಲಿಯೂ ಮನುಷ್ಯರ ಹೊಣೆಯೇ.

ಉತ್ಪನ್ನಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಟೇಬಲ್ಲುಗಳ ವಿನ್ಯಾಸ. ಮೀಡಿಯಾವಿಕಿಯಲ್ಲಿ 2005ರವರೆಗೆ ಪುಟದ ಈಗಿನ ರೂಪ ಒಂದು ಟೇಬಲ್ಲಿನಲ್ಲಿಯೂ ಹಳೆಯ ಆವೃತ್ತಿಗಳು ಇನ್ನೊಂದರಲ್ಲಿಯೂ ಇದ್ದವು, ಹಳೆಯ ಆವೃತ್ತಿಯ ಪ್ರತಿ ಸಾಲಿನಲ್ಲೂ ಪುಟದ ಶೀರ್ಷಿಕೆ ಬರೆದಿರುತ್ತಿತ್ತು. ಸಾವಿರಾರು ಆವೃತ್ತಿಗಳಿರುವ ಪುಟದ ಹೆಸರು ಬದಲಿಸಿದರೆ ಅಷ್ಟೂ ಸಾಲುಗಳನ್ನು ತಿದ್ದಬೇಕು. ಪ್ರತಿ ಸಂಪಾದನೆಯಲ್ಲೂ ಇಡೀ ಪಠ್ಯವನ್ನು ಒಂದರಿಂದ ಇನ್ನೊಂದಕ್ಕೆ ನಕಲಿಸಬೇಕು. ಆ ವರ್ಷದ 1.5ನೇ ಆವೃತ್ತಿಯಲ್ಲಿ ಪುಟ, ಆವೃತ್ತಿ, ಪಠ್ಯ ಎಂದು ಮೂರು ಟೇಬಲ್ಲುಗಳಾಗಿ ಬೇರ್ಪಡಿಸಿದರು. ಶೀರ್ಷಿಕೆ ಒಂದೇ ಕಡೆ ಉಳಿಯಿತು, ಹೆಸರು ಬದಲಾವಣೆ ಒಂದು ಸಾಲಿನ ಕೆಲಸವಾಯಿತು. ಪಠ್ಯ ಬೇರೆಯಾದದ್ದರಿಂದ ಇನ್ನೊಂದು ದಾರಿಯೂ ತೆರೆಯಿತು: ಗಾತ್ರದಲ್ಲಿ ದೊಡ್ಡದಾದ, ಒಮ್ಮೆ ಬರೆದ ಮೇಲೆ ಬದಲಾಗದ ಆ ಪಠ್ಯವನ್ನು ಕುಗ್ಗಿಸಿ ಅಗ್ಗದ, ಪ್ರತ್ಯೇಕ ಸರ್ವರುಗಳಲ್ಲಿಟ್ಟು, ಮುಖ್ಯ ಡೇಟಾಬೇಸಿನಲ್ಲಿ ಅದರ ವಿಳಾಸವನ್ನಷ್ಟೇ ಉಳಿಸಿಕೊಳ್ಳಬಹುದಾಯಿತು. ಚಿತ್ರ, ವಿಡಿಯೊಗಳನ್ನು ಡೇಟಾಬೇಸಿನೊಳಗೆ ತುರುಕುವ ತಾಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹುಡುಕಾಟವನ್ನೂ ವಿಕಿಪೀಡಿಯ ಹೊರಗೆ ಕಳಿಸಿತು; ಮೊದಲು ಲೂಸೀನ್ ಎಂಬ ಹುಡುಕಾಟದ ತಂತ್ರಾಂಶ, ಆಮೇಲೆ ಅದರ ಮೇಲೆಯೇ ಕಟ್ಟಿದ ಇಲಾಸ್ಟಿಕ್‌ಸರ್ಚ್ ಆ ಕೆಲಸಕ್ಕೆ ಬಂದವು.

ಕನ್ನಡದಲ್ಲಿ ತಾಣ ನಡೆಸುವವರಿಗೆ ಇಲ್ಲಿ ಕೆಲವು ಹೆಚ್ಚಿನ ಲೆಕ್ಕಗಳಿವೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷಿ’ ಎಂಬ ಒಂದು ಅಕ್ಷರದಲ್ಲಿ ಕ, ವಿರಾಮ, ಷ, ಇಕಾರ ಎಂಬ ನಾಲ್ಕು ಸಂಕೇತಗಳಿರುವುದರಿಂದ ಅದು 12 ಬೈಟ್. ಮೀಡಿಯಾವಿಕಿಯಲ್ಲಿ ಶೀರ್ಷಿಕೆಯ ಮಿತಿ 255 ಬೈಟ್. ಇಂಗ್ಲಿಷಿಗೆ ಅದು 255 ಅಕ್ಷರವಾದರೆ ಕನ್ನಡಕ್ಕೆ 85 ಸಂಕೇತ. ಮೈಎಸ್‌ಕ್ಯುಎಲ್‌ನಲ್ಲಿ ಹಿಂದೆ ‘ಯುಟಿಎಫ್8’ ಎಂದು ಕರೆದ ಪದ್ಧತಿ 3 ಬೈಟ್‌ವರೆಗಿನ ಸಂಕೇತಗಳನ್ನಷ್ಟೇ ಹಿಡಿಯುತ್ತಿತ್ತು. ಆ ಹಳೆಯ ಪದ್ಧತಿಯಲ್ಲಿ ಕಟ್ಟಿದ ಕನ್ನಡ ತಾಣ ವರ್ಷಗಟ್ಟಲೆ ಸುಸೂತ್ರವಾಗಿ ನಡೆದು, ಯಾರೋ ಪ್ರತಿಕ್ರಿಯೆಯಲ್ಲಿ 4 ಬೈಟಿನ ಇಮೋಜಿ ಹಾಕಿದ ದಿನ ಮುಗ್ಗರಿಸುತ್ತದೆ. ‘ಯುಟಿಎಫ್8ಎಂಬಿ4’ ಎಂಬುದನ್ನು ಮೊದಲೇ ಆರಿಸಿದರೆ ಈ ತಾಪತ್ರಯವಿಲ್ಲ. ಇನ್ನು ‘ಕೊ’ ಎಂಬುದನ್ನು ಒಕಾರದ ಒಂದೇ ಸಂಕೇತದಿಂದ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ಆದರೂ ಬೈಟುಗಳನ್ನು ಹೋಲಿಸುವ ಡೇಟಾಬೇಸಿಗೆ ಬೇರೆ ಬೇರೆ ಪದಗಳು. ‘ರ‍್ಯಾಂಕ್’ ಬರೆಯಲು ನಡುವೆ ಸೇರಿಸುವ, ಕಾಣದ ಜೋಡಕ ಸಂಕೇತದ್ದೂ ಇದೇ ಪಾಡು. ದತ್ತಾಂಶ ಒಳಗೆ ಬರುವ ಬಾಗಿಲಲ್ಲೇ ಯೂನಿಕೋಡಿನ ಒಂದು ನಿಶ್ಚಿತ ರೂಪಕ್ಕೆ ತರದೆ ಹೋದರೆ, ಎಷ್ಟು ದುಬಾರಿಯ ಡೇಟಾಬೇಸ್ ತಂದರೂ ಬಳಕೆದಾರನಿಗೆ ತನ್ನ ಊರಿನ ಹೆಸರು ಹುಡುಕಾಟದಲ್ಲಿ ಸಿಗದಿರಬಹುದು.

ಡೇಟಾಬೇಸಿನ ಒಡೆತನ ಯಾರದೆಂಬುದನ್ನೂ ನೋಡಬೇಕು. ಮೈಎಸ್‌ಕ್ಯುಎಲ್ 2008ರಲ್ಲಿ ಸನ್ ಸಂಸ್ಥೆಯ ಪಾಲಾಗಿ, 2010ರಲ್ಲಿ ಸನ್ ಜೊತೆಗೇ ಒರಾಕಲ್ ಕೈಸೇರಿತು. ಮೂಲ ಕರ್ತೃಗಳಲ್ಲೊಬ್ಬರಾದ ಮೈಕಲ್ ವಿಡೇನಿಯಸ್ ಕವಲೊಡೆಸಿದ ಮರಿಯಾಡಿಬಿಗೆ ವಿಕಿಪೀಡಿಯ 2013ರಲ್ಲಿ ವರ್ಗವಾಯಿತು. ಮೊಂಗೋಡಿಬಿ 2018ರಲ್ಲಿ, ಇಲಾಸ್ಟಿಕ್‌ಸರ್ಚ್ 2021ರಲ್ಲಿ, ದತ್ತಾಂಶವನ್ನು ಮೆಮೊರಿಯಲ್ಲಿ ಇಡುವ ರೆಡಿಸ್ 2024ರಲ್ಲಿ ತಮ್ಮ ಪರವಾನಗಿಯನ್ನು ಬಿಗಿಗೊಳಿಸಿದವು. ಪೋಸ್ಟ್‌ಗ್ರೆಸ್ ಯಾವ ಒಂದು ಕಂಪನಿಯ ಸೊತ್ತೂ ಅಲ್ಲದಿರುವುದು ಅದರ ಪರವಾಗಿ ನಾನು ಕೊಡುವ ದೊಡ್ಡ ಅಂಕಗಳಲ್ಲೊಂದು.

ನಡೆಸುವವರ ಕೌಶಲದ ಬಗ್ಗೆ ಹೇಳಲು ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇರಿಸುವ ತಾಣವಾದ ಗಿಟ್‌ಲ್ಯಾಬಿನ 2017ರ ಜನವರಿ 31ರ ಪ್ರಸಂಗ ಸಾಕು. ರೆಪ್ಲಿಕಾದ ತೊಂದರೆಯನ್ನು ಸರಿಪಡಿಸುತ್ತಿದ್ದ ಎಂಜಿನಿಯರೊಬ್ಬರು ತಪ್ಪಾಗಿ ಮುಖ್ಯ ಪೋಸ್ಟ್‌ಗ್ರೆಸ್ ಸರ್ವರಿನ ದತ್ತಾಂಶವನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ ಆವೃತ್ತಿಯ ಹೊಂದಾಣಿಕೆಯಿಲ್ಲದೆ ಸದ್ದಿಲ್ಲದೆ ವಿಫಲವಾಗುತ್ತಿತ್ತು, ಆ ವೈಫಲ್ಯವನ್ನು ತಿಳಿಸಬೇಕಿದ್ದ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ತೆಗೆದಿಟ್ಟಿದ್ದ ನಕಲಿನಿಂದ ತಾಣ ಮರಳಿ ಎದ್ದಿತು; ನಡುವಿನ ಅವಧಿಯ ದತ್ತಾಂಶ ಹೋಯಿತು. ಬ್ಯಾಕಪ್ ತೆಗೆದರಾಗದು, ಅದರಿಂದ ಮರಳಿ ಕಟ್ಟಿ ನೋಡುವ ಅಭ್ಯಾಸವೂ ಬೇಕು. ಅದಕ್ಕೆ ಜನರಿಲ್ಲದ ಸಣ್ಣ ತಂಡ, ದುಡ್ಡು ಹೆಚ್ಚಾದರೂ ಕ್ಲೌಡ್ ಕಂಪನಿಗಳೇ ನಡೆಸಿಕೊಡುವ ಡೇಟಾಬೇಸನ್ನು ಕೊಳ್ಳುವುದು ವಿವೇಕ.

ಹೀಗಾಗಿ ಹೊಸ ತಾಣಕ್ಕೆ ನನ್ನ ಸಲಹೆ, ಬಲವಾದ ಬೇರೆ ಕಾರಣವಿಲ್ಲದಿದ್ದರೆ ಪೋಸ್ಟ್‌ಗ್ರೆಸ್, ಅಥವಾ ತಂಡಕ್ಕೆ ಅದು ಚೆನ್ನಾಗಿ ಗೊತ್ತಿದ್ದರೆ ಮೈಎಸ್‌ಕ್ಯುಎಲ್. ಹಣದ ಲೆಕ್ಕವಿರುವಲ್ಲಂತೂ ಇದರಲ್ಲಿ ಎರಡನೇ ಮಾತಿಲ್ಲ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ತನ್ನ ಗ್ರಾಹಕರ ವಹಿವಾಟಿನ ವರದಿಗಳನ್ನು ಪೋಸ್ಟ್‌ಗ್ರೆಸ್‌ನಿಂದಲೇ ಕೊಡುತ್ತದೆ, ಮತ್ತು ಭಾರವಾದ ವರದಿಯ ಕ್ವೆರಿಗಳು ಒಟ್ಟಿಗೆ ನುಗ್ಗದಂತೆ ಅವನ್ನು ಸರತಿಯಲ್ಲಿ ನಿಲ್ಲಿಸಿ, ಸಿಕ್ಕ ಫಲಿತಾಂಶವನ್ನು ಇನ್ನೊಂದು ಪೋಸ್ಟ್‌ಗ್ರೆಸ್‌ನಲ್ಲಿ ತಾತ್ಕಾಲಿಕವಾಗಿ ಇಡುತ್ತದೆ. ಅಲ್ಲೂ ಬದಲಾದದ್ದು ಡೇಟಾಬೇಸಲ್ಲ, ಅದರ ಬಾಗಿಲಿಗೆ ಕೆಲಸ ಬರುವ ಬಗೆ.

ಆರಿಸುವ ಮುನ್ನ ಮಾಡಬಹುದಾದ ಒಂದು ಪರೀಕ್ಷೆಯಿದೆ. ತಾಣದ ಅತಿ ಹೆಚ್ಚು ಬಳಕೆಯ ಪುಟಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಡೇಟಾಬೇಸಿಗೆ ಹೋಗುವ ಕ್ವೆರಿಗಳನ್ನು ಬರೆದು, ಅವು ಯಾವ ಕಾಲಂನಿಂದ ಆರಂಭವಾಗುತ್ತವೆ ಎಂದು ನೋಡಬೇಕು. ಬಹುಪಾಲು ಕ್ವೆರಿಗಳು ಬಳಕೆದಾರನ ಸಂಖ್ಯೆಯಿಂದಲೋ ಶಾಲೆಯ, ಅಂಗಡಿಯ, ಊರಿನ ಸಂಖ್ಯೆಯಿಂದಲೋ ಆರಂಭವಾದರೆ ಕತ್ತರಿಸುವ ಗೆರೆ ಅದೇ. ಆ ಕಾಲಂ ಎಲ್ಲ ಮುಖ್ಯ ಟೇಬಲ್ಲುಗಳಲ್ಲೂ ಇರುವಂತೆ ಮೊದಲ ದಿನವೇ ನೋಡಿಕೊಂಡರೆ, ಮುಂದೆ ಕತ್ತರಿಸಬೇಕಾಗಿ ಬಂದಾಗ ವರ್ಷಗಳ ಕೆಲಸ ತಿಂಗಳುಗಳಲ್ಲಿ ಮುಗಿಯುತ್ತದೆ. ಅಂಥ ಕಾಲಂ ಸಿಗದ ತಾಣಗಳೂ ಇವೆ. ಒಬ್ಬರು ಸಾವಿರಾರು ಮಂದಿಯನ್ನು ಹಿಂಬಾಲಿಸುವ ಸಾಮಾಜಿಕ ಜಾಲದಲ್ಲಿ, ಇಬ್ಬರು ಅಪರಿಚಿತರ ಖಾತೆಗಳ ನಡುವೆ ಹಣ ಸಾಗಿಸುವ ಸೇವೆಯಲ್ಲಿ ಹೇಗೆ ಕತ್ತರಿಸಿದರೂ ಕೆಲವು ಟ್ರಾನ್ಸಾಕ್ಷನ್ನುಗಳು ಗೆರೆಯ ಎರಡೂ ಬದಿಗೆ ಬೀಳುತ್ತವೆ. ಗೂಗಲ್ 2012ರಲ್ಲಿ ವಿವರಿಸಿದ ಸ್ಪ್ಯಾನರ್ ಮತ್ತು ಅದರ ಜಾಡಿನಲ್ಲಿ ಬಂದ ಕಾಕ್ರೋಚ್‌ಡಿಬಿ, ಯುಗಬೈಟ್‌ಡಿಬಿಗಳು ಹಲವು ಸರ್ವರುಗಳಿಗೆ ಹರಡಿದ ಟ್ರಾನ್ಸಾಕ್ಷನ್ನನ್ನು ತಾವೇ ನಿಭಾಯಿಸುತ್ತವೆ. ಅದಕ್ಕಾಗಿ ಪ್ರತಿ ಬರಹವೂ ಬಹುಮತದ ಸರ್ವರುಗಳ ಒಪ್ಪಿಗೆಗೆ ಕಾಯಬೇಕು, ಅವು ಬೇರೆ ಬೇರೆ ನಗರಗಳಲ್ಲಿದ್ದರೆ ಆ ಕಾಯುವಿಕೆ ಹತ್ತಾರು ಮಿಲಿಸೆಕೆಂಡುಗಳಾಗುತ್ತದೆ. ತಾಣದ ಕೆಲಸ ಆ ವಿಳಂಬವನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನು ಅಳೆದು ನೋಡಿಯೇ ಅವುಗಳ ಕಡೆಗೆ ಹೊರಳಬೇಕು.